ವಾಪಸ್ ಬಂದ್ರೆ ಸೋತ ಹಾಗಾ ಅಂತ ಕೇಳಿದ ಸಿಸ್ಟರ್‌ಗೆ

ಪ್ರಶ್ನೆ: ನಾನು ಬೆಳ್ತಂಗಡಿ ಕಡೆಯವಳು, ಕನ್ಯಾಸ್ತ್ರೀ, ಜಿಎನ್‌ಎಂ ಮಾಡಿರೋ ನರ್ಸ್. ತಾಂಜಾನಿಯಾಕ್ಕೆ ಬಂದು ಎರಡು ವರ್ಷ ದಾಟಿತು, ಮ್ವಾಂಜಾದಿಂದ ದೂರದ ಒಂದು ಹಳ್ಳಿ ಡಿಸ್ಪೆನ್ಸರಿಯಲ್ಲಿದೀನಿ. ಮೊದಲನೇ ವರ್ಷ ಎಲ್ಲ ಹೊಸದು, ಎಲ್ಲ ಖುಷಿ. ಈಗ ಬೆಳಿಗ್ಗೆ ಗೇಟ್ ಹತ್ರ ಪೇಷಂಟ್‌ಗಳ ಸಾಲು ನೋಡಿದ್ರೆ ಅಳು ಬರುತ್ತೆ. ಎರಡು ಸಲ ಮಲೇರಿಯಾ ಆಯ್ತು, ಆಮೇಲಿಂದ ವಾರಕ್ಕೊಂದು ತಡೆ ಮಾತ್ರೆ ತಗೋತೀನಿ. ರಾತ್ರಿ ನಿದ್ದೆ ಇಲ್ಲ, ಬಂದ್ರೂ ಕೆಟ್ಟ ಕನಸು. ಕಾನ್ವೆಂಟ್‌ನಲ್ಲಿ ನಾಲ್ಕು ಜನ ಇದೀವಿ, ಒಬ್ಬರ ಜೊತೆ ಮಾತೇ ನಿಂತುಹೋಗಿದೆ. ಹೋದ ವರ್ಷ ಅಪ್ಪನ್ನ ಮಣ್ಣು ಮಾಡಿದ್ದನ್ನ ವಾಟ್ಸಾಪ್‌ನಲ್ಲಿ ನೋಡಿದೆ. ಈಗ ಅಮ್ಮ ಬಿದ್ದು ಸೊಂಟದ ಮೂಳೆ ಮುರಿದಿದೆ, ಅಣ್ಣ ಅತ್ತಿಗೆ ನೋಡ್ಕೊಳ್ತಿದಾರೆ. "ನಿಮಗೇನು, ದೇವರ ಸೇವೆ ಅಂತ ಹೋಗಿಬಿಟ್ರಿ" ಅಂದ್ರು ಅತ್ತಿಗೆ. ಊರಿನ ಚರ್ಚ್ ಪತ್ರಿಕೆಗೆ ಆಗಾಗ ಪತ್ರ ಬರೀಬೇಕು, ನಗುವ ಮಕ್ಕಳ ಫೋಟೊ ಹಾಕಿ ಎಲ್ಲ ಚೆಂದ ಅಂತ ಬರೀತೀನಿ, ಕಳಿಸಿದ ಮೇಲೆ ಸುಳ್ಳಿ ಅನ್ನಿಸುತ್ತೆ. ಈ ಜನ ಎಷ್ಟು ಹೇಳಿದ್ರೂ ಕೇಳಲ್ಲ. ನನ್ನ ದೈವಕರೆ ಮುಗೀತಾ? ವಾಪಸ್ ಕರೆಸ್ಕೊಳ್ಳಿ ಅಂತ ನಮ್ಮ ಪ್ರಾಂತ್ಯದ ಮುಖ್ಯಸ್ಥೆ ಪ್ರೊವಿನ್ಶಿಯಲ್‌ಗೆ ಬರೀಲಾ? ಬಂದ್ರೆ ಸೋತು ಬಂದಳು ಅಂತಾರೆ.
– ಹೆಸರು ಬೇಡ

ಉತ್ತರ: ಸಿಸ್ಟರ್, ನಿಮ್ಮ ಪತ್ರ ಉದ್ದ ಇತ್ತು, ಅರ್ಧಕ್ಕಿಂತ ಕಮ್ಮಿ ಹಾಕಿದೀನಿ, ಗುರುತು ಸಿಗೋ ಅಂಥದ್ದೆಲ್ಲ ತೆಗೆದಿದೀನಿ, ಚಿಂತೆ ಬೇಡ. (ಓದುಗರಿಗೆ ಒಂದು ಮಾತು, ಮಿಷನರಿ ಅಂದ ತಕ್ಷಣ ಬೇರೆ ವಾದ ಶುರು ಮಾಡೋರು ಇದೀರಿ. ಇವತ್ತು ಬೇಡ. ಇವರು ಕೇಳಿರೋದು ಅದಲ್ಲ.)

ನೀವು ನಾಲ್ಕೈದು ಬೇರೆ ಬೇರೆ ತೊಂದ್ರೆಗಳನ್ನ ಒಂದೇ ಗಂಟು ಕಟ್ಟಿ ಮೇಲೆ ದೈವಕರೆ ಅಂತ ಚೀಟಿ ಅಂಟಿಸಿದೀರ. ನಿದ್ದೆ ಬರ್ತಿಲ್ಲ, ಅದು ದೈವಕರೆ ವಿಷಯ. ಜೊತೆಯವರು ಮಾತಾಡಲ್ಲ, ಅದೂ ದೈವಕರೆ. ಅತ್ತಿಗೆ ಚುಚ್ಚಿದ್ರು, ಅದೂ. ಹಿಂಗಾದ್ರೆ ದೇವರಿಗೂ ಉತ್ತರ ಕೊಡೋದು ಕಷ್ಟ ಆಗುತ್ತೆ. ಒಂದೊಂದೇ ಬಿಚ್ಚೋಣ.

ಮೊದಲು ಆ ಮಾತ್ರೆ. ಹೆಸರು ಬರೆದಿಲ್ಲ ನೀವು, ಆದ್ರೆ ವಾರಕ್ಕೊಂದು ಅಂದಿದ್ದಕ್ಕೆ ಕೇಳ್ತಿದೀನಿ, ಅದು ಮೆಫ್ಲೋಕ್ವಿನ್ ಏನಾದ್ರೂ ಆಗಿದ್ಯಾ? ಆಗಿದ್ರೆ ಇವತ್ತೇ ಡಬ್ಬದೊಳಗಿನ ಚೀಟಿ ತೆಗೆದು ಓದಿ. ನಿದ್ದೆಗೇಡು, ವಿಚಿತ್ರ ಕನಸು, ಆತಂಕ, ಮನಸ್ಸು ಕುಗ್ಗೋದು ಎಲ್ಲ ಆ ಔಷಧಿ ಕೆಲವರಿಗೆ ತರುತ್ತೆ, 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದರ ಮೇಲೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಪೇಷಂಟ್ ಯಾರಾದ್ರೂ ಬಂದು ಹೀಗೆ ಕನಸು ಬೀಳುತ್ತೆ ಅಂದಿದ್ರೆ ನೀವೇ ಮೊದಲು ಯಾವ ಮಾತ್ರೆ ತಗೋತಿದೀಯಾ ಅಂತ ಕೇಳಿರ್ತಿದ್ರಿ, ನರ್ಸ್‌ಗಳು ತಮ್ಮ ವಿಷಯಕ್ಕೆ ಬಂದಾಗ ಮಾತ್ರ ಅದನ್ನೆಲ್ಲ ಪಾಪಪುಣ್ಯದ ಲೆಕ್ಕಕ್ಕೆ ಹಾಕ್ಕೊಳ್ತಾರೆ. ನೀವಾಗೇ ನಿಲ್ಲಿಸಬೇಡಿ, ಮ್ವಾಂಜಾದಲ್ಲಿ ಬುಗಾಂಡೊ ಆಸ್ಪತ್ರೆ ಇದೆಯಲ್ಲ, ಬಿಷಪ್‌ಗಳ ಒಕ್ಕೂಟದ್ದೇ, ಅಲ್ಲಿ ಡಾಕ್ಟರ್‌ಗೆ ತೋರಿಸಿ ಮಾತ್ರೆ ಬದಲಾಯಿಸೋದ ಅಂತ ಕೇಳಿ. ಹಿಮೋಗ್ಲೋಬಿನ್ ಕೂಡ ನೋಡಿಸಿ, ಎರಡು ಮಲೇರಿಯಾ ಆಗಿರೋ ಮೈ. ಅದು ಮೆಫ್ಲೋಕ್ವಿನ್ ಅಲ್ಲ ಅಂದ್ರೂ ಹೋಗಿ, ಯಾಕಂದ್ರೆ ಬೆಳಿಗ್ಗೆ ಎದ್ದ ತಕ್ಷಣ ಅಳು ಬರೋದು ಎಷ್ಟೋ ವಾರದಿಂದ ನಡೀತಿದ್ರೆ ಅದಕ್ಕೂ ಡಾಕ್ಟರ್ ಇದಾರೆ, ಚಿಕಿತ್ಸೆ ಇದೆ. ಬದುಕೇ ಸಾಕು ಅನ್ನೋ ಯೋಚನೆ ಒಂದು ಸಲ ಬಂದಿದ್ರೂ ಅವತ್ತೇ ಕಾನ್ವೆಂಟ್‌ನಲ್ಲಿ ಒಬ್ಬರಿಗೆ ಬಾಯಿಬಿಟ್ಟು ಹೇಳಿ, ಪ್ರಾರ್ಥನೆ ಮಾಡ್ತೀನಿ ಸರಿಹೋಗುತ್ತೆ ಅಂತ ಕೂರಬೇಡಿ.

ಇನ್ನು ಆ ಮಾತು ನಿಂತಿರೋ ಸಿಸ್ಟರ್. ಇದರ ಬಗ್ಗೆ ನೀವು ಪತ್ರದಲ್ಲಿ ಎರಡು ಪುಟ ಬರೆದಿದೀರ, ದೇವರ ಬಗ್ಗೆ ಅರ್ಧ ಪುಟ, ಅದರಲ್ಲೇ ಗೊತ್ತಾಗುತ್ತೆ ಎಲ್ಲಿ ನೋವಿದೆ ಅಂತ. ಜಗಳ ಶುರುವಾಗಿದ್ದು ಸೋಲಾರ್ ಬ್ಯಾಟರಿಯಿಂದ. ಅವರು ರಾತ್ರಿ ಲ್ಯಾಪ್‌ಟಾಪ್ ಚಾರ್ಜ್ ಹಾಕ್ತಾರೆ, ಬೆಳಗಿನ ಜಾವ ಡೆಲಿವರಿ ಕೇಸ್ ಬಂದಾಗ ಲೈಟ್ ಇಲ್ಲ, ನೀವು ಟಾರ್ಚ್ ಬಾಯಲ್ಲಿ ಕಚ್ಕೊಂಡು ಹೆರಿಗೆ ಮಾಡಿಸಿದ್ರಿ, ಆಮೇಲೆ ಕಿರುಚಿದ್ರಿ, ಅವರು ಮಾತು ಬಿಟ್ರು. ನನ್ನ ಕೇಳಿದ್ರೆ ಕಿರುಚಿದ್ದರಲ್ಲಿ ನಿಮ್ಮ ತಪ್ಪೇನೂ ಕಾಣಲ್ಲ. ಆದ್ರೆ ಅದಾದ್ಮೇಲೆ ಇಷ್ಟು ತಿಂಗಳು ಒಂದೇ ಮೇಜಲ್ಲಿ ಉಗಾಲಿ ತಿಂತಾ ಒಂದೇ ಚಾಪೆಲ್‌ನಲ್ಲಿ ಮೊಣಕಾಲೂರಿ ಕೂರ್ತಾ ಮಾತಾಡದೆ ಇರೋದು ಯಾರ ಕೈಲಾದ್ರೂ ಆಗುತ್ತಾ? ಗಂಡ ಹೆಂಡತಿ ಜಗಳ ಆದ್ರೆ ತವರಿಗಾದ್ರೂ ಹೋಗಬಹುದು, ನಿಮಗೆ ತವರು ಅಂದ್ರೆ ಹಿಂದೂ ಮಹಾಸಾಗರ ದಾಟಬೇಕು. ಹೊರದೇಶದಲ್ಲಿ ಸೇವೆ ಮಾಡೋರು ನನಗೆ ಬರೆಯೋದರಲ್ಲಿ ಹೆಚ್ಚಿನದು ಇದೇ, ಸೊಳ್ಳೆ, ಭಾಷೆ, ಊಟ ಎಲ್ಲ ಸಹಿಸ್ಕೊಂಡೋರು ಪಕ್ಕದ ರೂಮಿನವರ ಹತ್ರ ಸೋತಿರ್ತಾರೆ.

ನಿಮ್ಮ ಕಾನ್ವೆಂಟ್‌ನಲ್ಲಿ ಎಲ್ಲರಿಗಿಂತ ಹಿರಿಯರು ಆ ತಾಂಜಾನಿಯಾದ ಸಿಸ್ಟರ್ ಅಂದ್ರಿ, ಯಾವಾಗ್ಲೂ ನಗ್ತಿರ್ತಾರೆ ಅಂದ್ರಿ. ಅವರನ್ನ ಮಧ್ಯಕ್ಕೆ ಕರೀರಿ. ನೀವಿಬ್ರೂ ಹೊರಗಿಂದ ಬಂದೋರು, ಆ ಊರು ಅವರದ್ದು, ಮತ್ತೆ ನೀವು ಇಲ್ಲಿವರೆಗೆ ಅವರನ್ನ ಒಂದು ಸಲಹೆಯನ್ನೂ ಕೇಳಿದ ಹಾಗೆ ಪತ್ರದಲ್ಲಿ ಕಾಣಲಿಲ್ಲ. ಕೂತು ಮಾತಾಡೋವಾಗ ಮನಸ್ಸು ನೋವು ಕ್ಷಮೆ ಅಂತೆಲ್ಲ ಶುರು ಮಾಡಬೇಡಿ, ಬ್ಯಾಟರಿಯಿಂದಲೇ ಶುರು ಮಾಡಿ. ರಾತ್ರಿ ಇಷ್ಟು ಗಂಟೆ ಮೇಲೆ ಲೇಬರ್ ರೂಮ್‌ಗೆ ಬಿಟ್ಟು ಯಾವುದಕ್ಕೂ ಕರೆಂಟ್ ಇಲ್ಲ, ಬರೆದು ಗೋಡೆಗೆ ಅಂಟಿಸಿ. ಉಳಿದ ಮಾತು ತಾನಾಗೇ ಬರುತ್ತೆ, ಬರದಿದ್ರೂ ಲೈಟ್ ಅಂತೂ ಇರುತ್ತೆ.

ಒಂದು ಮಾತು ನನಗೆ ಹಿಡಿಸಲಿಲ್ಲ ಸಿಸ್ಟರ್, ಹೇಳೇ ಬಿಡ್ತೀನಿ. "ಈ ಜನ." ಪತ್ರದ ಮೊದಲ ಭಾಗದಲ್ಲಿ ನೀವೇ ಒಂದು ಘಟನೆ ತಮಾಷೆಯಾಗಿ ಬರೆದಿದೀರ. ಹೋದ ಹೊಸದರಲ್ಲಿ ಬಿಪಿ ಪೇಷಂಟ್‌ಗಳಿಗೆ ನಾಳೆ "ಸಾ ನಾನೆ"ಗೆ (ಸ್ವಾಹಿಲಿಯಲ್ಲಿ ಎಂಟು ಗಂಟೆಗೆ) ಬನ್ನಿ ಅಂದ್ರಿ, ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದು ಕಾದ್ರಿ, ಒಬ್ಬರೂ ಇಲ್ಲ, ಬೈಕೊಂಡ್ರಿ, ಮಧ್ಯಾಹ್ನ ಎರಡಕ್ಕೆ ಎಲ್ಲರೂ ಸಾಲಾಗಿ ಬಂದು ನಿಂತ್ರು. ಅಲ್ಲಿ ಗಂಟೆ ಎಣಿಸೋದು ಬೆಳಕು ಹರಿದ ಮೇಲಿಂದ, ನಮ್ಮ ಏಳು ಅವರಿಗೆ ಒಂದು, ಹಾಗಾಗಿ ನೀವು ಹೇಳಿದ ಎಂಟು ಅಂದ್ರೆ ಮಧ್ಯಾಹ್ನ ಎರಡೇ. ಅವರು ಸರಿಯಾದ ಟೈಮಿಗೇ ಬಂದಿದ್ರು. ಅದನ್ನ ಬರೆದು ನಕ್ಕವರು ಪತ್ರದ ಕೊನೆಗೆ ಬರೋ ಹೊತ್ತಿಗೆ ಈ ಜನ ಹೇಳಿದ್ರೆ ಕೇಳಲ್ಲ ಅಂತಿದೀರ. ಮಗೂಗೆ ಜ್ವರ ಬಂದು ಮೂರು ದಿನ ಆದ್ಮೇಲೆ ತರ್ತಾರೆ ಅಂತ ಸಿಟ್ಟು, ಸರಿ, ನರ್ಸ್‌ಗೆ ಬರಬೇಕಾದ ಸಿಟ್ಟೇ ಅದು, ಆದ್ರೆ ಬೋಡಾಬೋಡಾ ಬೈಕಿಗೆ ದುಡ್ಡು ಹೊಂದಿಸೋದು, ಮಳೆಗಾಲದಲ್ಲಿ ರಸ್ತೆ, ಮೊದಲು ನಾಟಿ ವೈದ್ಯನ ಹತ್ರ ಹೋಗಿ ಬರೋದು, ಇದು ಯಾವುದು ನಮ್ಮ ಬೆಳ್ತಂಗಡಿ ಘಟ್ಟದ ಕೆಳಗಿನ ಹಳ್ಳಿಗಳಲ್ಲಿ ಇರಲಿಲ್ಲ ಹೇಳಿ? ಇನ್ನೊಂದು, ನೀವು ಕಷ್ಟಪಟ್ಟು ಸ್ವಾಹಿಲಿ ಕಲಿತಿದೀರ, ಆದ್ರೆ ಆ ಕಡೆ ಸುಕುಮಾ ಜನ ಹೆಚ್ಚು, ಎಷ್ಟೋ ಅಜ್ಜಿಯಂದಿರಿಗೆ ಮನೆಮಾತು ಬಿಟ್ಟು ಬೇರೆ ಸಲೀಸಾಗಿ ಬರಲ್ಲ. ಅವರು ತಲೆ ಆಡಿಸಿದ್ದು ಅರ್ಥ ಆಗಿದ್ದಕ್ಕೋ ಮರ್ಯಾದೆಗೋ? ಡಿಸ್ಪೆನ್ಸರಿಯಲ್ಲಿ ಕೆಲಸ ಮಾಡೋ ಅಲ್ಲಿನ ಹುಡುಗೀನ ಮಾತ್ರೆ ಕೊಡೋ ಕಿಟಕಿ ಹತ್ರ ನಿಲ್ಲಿಸಿ, ಅವಳ ಬಾಯಲ್ಲಿ ಹೇಳಿಸಿ. ನಿಮ್ಮ ಗಂಟಲಿಗೂ ರೆಸ್ಟ್. ಸುಸ್ತಾದವರಿಗೆ ಎದುರು ಸಿಕ್ಕೋರೆಲ್ಲ "ಈ ಜನ" ಆಗಿಬಿಡ್ತಾರೆ, ನೀವು ಕೆಟ್ಟೋರು ಅಂತ ನಾನು ಹೇಳ್ತಿಲ್ಲ, ನಿಮಗೆ ರಜೆ ಬೇಕು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಗುರುತು ಬೇಡ ಅಂತಿದೀನಿ ಅಷ್ಟೇ.

ಪತ್ರಿಕೆಗೆ ಬರೆಯೋ ಪತ್ರ. ಇದರಲ್ಲಿ ನೀವು ಅಂದ್ಕೊಂಡಷ್ಟು ಪಾಪ ಇಲ್ಲ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನೋರು ಏನು ಮಾಡ್ತಿದ್ರು? ಊರಿಗೆ ವರದಿ ಮೇಲೆ ವರದಿ ಕಳಿಸ್ತಿದ್ರು, ದಾನಿಗಳು ಓದೋ ಪತ್ರಿಕೆಯಲ್ಲಿ ಅಚ್ಚಾಗ್ತಿದ್ದದ್ದು ಮನಸ್ಸು ತುಂಬೋ ಭಾಗ, ಜಗಳ ಮುನಿಸು ಕಾಯಿಲೆ ಎಲ್ಲ ಕಮಿಟಿ ಕಡತಕ್ಕೆ. ಆ ಕಡತಗಳು ಈಗಲೂ ಬಾಸೆಲ್‌ನಲ್ಲಿವೆ, ಸಂಶೋಧಕರು ಹೋಗಿ ಓದ್ತಾರೆ. 1894ರಲ್ಲಿ ನಿಘಂಟು ಕೊಟ್ಟ ನಮ್ಮ ಕಿಟ್ಟೆಲ್‌ಗೂ ಜೊತೆಯ ಮಿಷನರಿಗಳಿಗೂ ಅಷ್ಟೇನೂ ಸರಿಬರ್ತಿರಲಿಲ್ಲ. ನಿಮ್ಮ ಕಡೆಯವರೇ ಬೇಕಂದ್ರೆ ಮಂಗಳೂರು ಹತ್ರದ ಮುಡಿಪುವಿನಲ್ಲಿ ಪುಣ್ಯಕ್ಷೇತ್ರ ಇದೆಯಲ್ಲ, ಆ ಸಂತ ಜೋಸೆಫ್ ವಾಜ್. ಗೋವಾದಲ್ಲಿ ಹುಟ್ಟಿ, ನಮ್ಮ ಕರಾವಳಿಯಲ್ಲಿ ಓಡಾಡಿ, 1687ರಲ್ಲಿ ಕೂಲಿಯವನ ವೇಷದಲ್ಲಿ ಶ್ರೀಲಂಕಾಕ್ಕೆ ಹೋದ್ರು, ಇಳೀತಿದ್ದ ಹಾಗೆ ರಕ್ತಭೇದಿ, ಆಮೇಲೆ ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರ ಅಂತ ಜೈಲು. 2015ರಲ್ಲಿ ಕೊಲಂಬೋದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನ ಸಂತ ಅಂತ ಘೋಷಿಸಿದ್ರು, ಅವರ ನೊವೇನಾ ಪ್ರಾರ್ಥನೆ ಹೇಳೋವಾಗ ಭೇದಿ ವಿಷಯ ಯಾರೂ ಎತ್ತಲ್ಲ. ಹಾಗಾಗಿ ನೀವೂ ಎರಡು ಪತ್ರ ಬರೀರಿ. ಊರಿನವರಿಗೆ ಒಂದು, ಆದ್ರೆ ಅದರಲ್ಲೂ ಒಂದಾದ್ರೂ ನಿಜವಾದ ಕಷ್ಟ ಸೇರಿಸಿ, ಟಾರ್ಚ್ ಕಚ್ಕೊಂಡು ಹೆರಿಗೆ ಮಾಡಿಸಿದ್ದು ಬರೀರಿ, ಯಾರಾದ್ರೂ ಪುಣ್ಯಾತ್ಮರು ಬ್ಯಾಟರಿ ಕೊಡಿಸಿದ್ರೂ ಕೊಡಿಸ್ತಾರೆ. ಇನ್ನೊಂದು ಯಾವುದನ್ನೂ ತೊಳೆಯದೆ ನಿಮ್ಮ ನಂಬಿಕೆಯ ಒಬ್ಬರಿಗೆ. ಕನ್ಯಾಸ್ತ್ರೀ ಆಗೋ ಮುಂಚಿನ ತರಬೇತಿಯಲ್ಲಿ, ನೊವಿಶಿಯೇಟ್‌ನಲ್ಲಿ, ನಿಮ್ಮ ಜೊತೆಗಿದ್ದ ಗೆಳತಿ ಇದಾರೆ ಅಂದ್ರಲ್ಲ, ಅವರಿಗೇ. ನೆಂಟರು ಫಾರಿನ್ ಸಿಸ್ಟರ್ ಅಂತ ಹೊಸ ಫೋನ್ ತಂದ್ಕೊಡಿ ಅಂತಾರೆ ಅಂದ್ರಲ್ಲ, ಅದಕ್ಕೆ ನಕ್ಕು ಸುಮ್ಮನಾಗಿ, ಅದಕ್ಕೆಲ್ಲ ಉತ್ತರ ಬೇಕಿಲ್ಲ.

ಈಗ ಅಮ್ಮ. ಇಲ್ಲಿ ನನ್ನ ಹತ್ರ ಸಮಾಧಾನದ ಮಾತು ಕಮ್ಮಿ. ಅಪ್ಪ ಹೋದಾಗ ನೀವು ಅಲ್ಲೇ ಇದ್ರಿ, ಪೂಜೆ ಮುಗಿಸಿ ಮಧ್ಯಾಹ್ನ ಡ್ಯೂಟಿಗೆ ಹೋದೆ ಅಂತ ಬರೆದಿದೀರ, ಆ ಸಾಲು ಓದಿ ನಾನು ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನೀವು ಅತ್ತಿದ್ದು ಯಾವಾಗ? ಮೊಂತಿ ಫೆಸ್ತ್ (ಕರಾವಳಿ ಕ್ರೈಸ್ತರ ತೆನೆ ಹಬ್ಬ) ದಿನ ಮನೆ ಗ್ರೂಪ್‌ನಲ್ಲಿ ಹೊಸ ತೆನೆ ಫೋಟೊ ಬಂದಾಗ ಬಾತ್‌ರೂಮಿಗೆ ಹೋಗಿ ಅತ್ತೆ ಅಂದ್ರಿ, ಅದು ತೆನೆಗೆ ಬಂದ ಅಳು ಅಂತ ನನಗನ್ಸಲ್ಲ. ಅತ್ತಿಗೆ ಮಾತು ಚುಚ್ಚಿತು ಸರಿ, ಆದ್ರೆ ಹಾಸಿಗೆ ಹಿಡಿದೋರನ್ನ ಎತ್ತಿ ಕೂರಿಸಿ ಬೆಡ್‌ಪ್ಯಾನ್ ಇಡೋದು ಅವರು, ಆ ಕೆಲಸ ಏನು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಫೋನ್ ಮಾಡಿದಾಗ ಅಮ್ಮ ಹೇಗಿದಾರೆ ಅಂತ ಕೇಳೋ ಮುಂಚೆ ಅತ್ತಿಗೇ ನೀವು ಊಟ ಮಾಡಿದ್ರಾ ಅಂತ ಕೇಳಿ ನೋಡಿ. ಬೆನ್ನು ಹುಣ್ಣಾಗದ ಹಾಗೆ ಹೊರಳಿಸೋದು ಹೇಗೆ, ವಾಕರ್ ಹಿಡಿಸೋದು ಹೇಗೆ, ವಿಡಿಯೋ ಕಾಲಲ್ಲಿ ತೋರಿಸಿಕೊಡಿ, ಅಷ್ಟು ದೂರದಿಂದ ನೀವು ಕೊಡಬಹುದಾದ ನಿಜವಾದ ಸಹಾಯ ಅದು. ಮತ್ತೆ ರಾತ್ರಿ ಎಂಟೂವರೆಗೆ ಫೋನ್ ಮಾಡ್ತೀನಿ ಅಮ್ಮ ಮಲಗಿರ್ತಾರೆ ಅಂತೀರಲ್ಲ, ನಿಮ್ಮ ಎಂಟೂವರೆ ಅಂದ್ರೆ ಇಲ್ಲಿ ಹನ್ನೊಂದು ಸಿಸ್ಟರ್! ಬೆಳಿಗ್ಗೆ ಪೂಜೆಗೆ ಮುಂಚೆ ಐದೂವರೆಗೆ ಮಾಡಿ, ಇಲ್ಲಿ ಎಂಟು ಗಂಟೆ, ಅಮ್ಮ ಕಾಫಿ ಕುಡೀತಾ ಇರ್ತಾರೆ.

ವಾಪಸ್ ಬರೋ ಪ್ರಶ್ನೆ. ಪ್ರೊವಿನ್ಶಿಯಲ್‌ಗೆ ಬರೀರಿ, ಆದ್ರೆ ಕರೆಸ್ಕೊಳ್ಳಿ ಅಂತ ಅಲ್ಲ. ಅಪ್ಪನ ಸಮಾಧಿ ನೋಡಿಲ್ಲ, ಅಮ್ಮನ ಮೂಳೆ ಮುರಿದಿದೆ, ನನ್ನ ಆರೋಗ್ಯ ಸರಿಯಿಲ್ಲ, ಮೂರು ತಿಂಗಳು ರಜೆ ಕೊಡಿ ಅಂತ ನೇರವಾಗಿ ಬರೀರಿ. ನಿಮ್ಮಲ್ಲಿ ಮೂರು ವರ್ಷಕ್ಕೊಮ್ಮೆ ರಜೆ ಅನ್ನೋ ಪದ್ಧತಿ ಇರಬಹುದು, ಅದು ಪದ್ಧತಿ ಅಷ್ಟೇ. ಚರ್ಚಿನ ಕಾನೂನು, ಅಂದ್ರೆ 1983ರ ಕ್ಯಾನನ್ ಕಾನೂನಿನ 665ನೇ ವಿಧಿ ಓದಿ, ನ್ಯಾಯವಾದ ಕಾರಣ ಇದ್ರೆ ಮೇಲಧಿಕಾರಿ ತಮ್ಮ ಕೌನ್ಸಿಲ್ ಒಪ್ಪಿಗೆ ಪಡೆದು ಒಂದು ವರ್ಷದವರೆಗೂ ಕಾನ್ವೆಂಟ್ ಹೊರಗಿರೋಕೆ ಅನುಮತಿ ಕೊಡಬಹುದು. ಕೊಡಲೇಬೇಕು ಅಂತಿಲ್ಲ, ಕೇಳೋದಕ್ಕೆ ನಾಚಿಕೆ ಪಡಬೇಕಾಗೂ ಇಲ್ಲ. ಡಿಸ್ಪೆನ್ಸರಿ ಏನಾಗುತ್ತೆ ಅಂತೀರ, ನೀವಿಲ್ಲದೆ ಮೂರು ತಿಂಗಳು ನಡೆಯದ ಡಿಸ್ಪೆನ್ಸರಿ ಆದ್ರೆ ಅದು ನಿಮ್ಮ ರಜೆಯ ತೊಂದ್ರೆ ಅಲ್ಲ, ಅಲ್ಲಿನ ನರ್ಸ್‌ಗೆ ಈಗಿಂದಲೇ ಕೆಲಸ ಕಲಿಸೋಕೆ ಶುರು ಮಾಡಿ.

ಮನೆಗೆ ಬಂದು ನಿದ್ದೆ ಮಾಡಿ, ಅಮ್ಮನ ಪಕ್ಕ ಕೂತು, ಆಮೇಲೂ ಅಲ್ಲಿಗೆ ಹೋಗೋಕೆ ಮನಸ್ಸು ಬರಲಿಲ್ಲ ಅಂದ್ರೆ ಹೋಗಬೇಡಿ. ನಾನು ಅದನ್ನ ಸೋಲು ಅನ್ನಲ್ಲ, ಊರಿನೋರು ಒಂದು ಹಬ್ಬದ ತನಕ ಆಡ್ಕೊಳ್ತಾರೆ, ಮುಂದಿನ ಹಬ್ಬಕ್ಕೆ ಬೇರೆಯವರ ವಿಷಯ ಸಿಗುತ್ತೆ. ಪ್ರೈಮರಿ ಹೆಲ್ತ್ ಸೆಂಟರ್‌ನಲ್ಲಿ ನರ್ಸ್ ಇಲ್ಲದ ಹಳ್ಳಿಗಳು ಇಲ್ಲೂ ಇವೆ. ಆದ್ರೆ ಆ ನಿರ್ಧಾರ ಈಗ, ನಿದ್ದೆಗೆಟ್ಟು, ಆ ಮಾತ್ರೆ ಮೈಯಲ್ಲಿಟ್ಕೊಂಡು ಮಾಡಬೇಡಿ. ನನಗಂತೂ ಒಳಗೊಳಗೇ ಅನ್ಸುತ್ತೆ ನೀವು ವಾಪಸ್ ಹೋಗ್ತೀರ ಅಂತ, ಅಷ್ಟು ಬೈದು ಬರೆದ ಪತ್ರದಲ್ಲೂ ಆ ಟಾರ್ಚಿನ ಬೆಳಕಲ್ಲಿ ಹುಟ್ಟಿದ ಮಗೂನ ತೂಕ 2.9 ಕೆಜಿ ಅಂತ ಬರೆಯೋದು ಮರೆತಿಲ್ಲ. ತಪ್ಪಾಗಿದ್ರೂ ಆಗಿರಬಹುದು.

ಕೊನೇದಾಗಿ, ರಜೆ ಸಿಕ್ಕಿದ್ರೆ ಟಿಕೆಟ್ ಬುಕ್ ಮಾಡೋ ಮುಂಚೆ ರೆಸಿಡೆನ್ಸ್ ಪರ್ಮಿಟ್ ಯಾವಾಗ ಮುಗಿಯುತ್ತೆ ನೋಡ್ಕೊಳ್ಳಿ, ಇಲ್ಲಿರೋವಾಗ ಮುಗಿದ್ರೆ ಮತ್ತೆ ಮೊದಲಿಂದ ಓಡಾಟ. ಡಿಸೆಂಬರ್‌ನಲ್ಲಿ ರೇಟ್ ಜಾಸ್ತಿ ಇರುತ್ತೆ, ಆಗೋದಾದ್ರೆ ನವೆಂಬರ್‌ನಲ್ಲೇ ಹೊರಡಿ.