ತಂಗಿಗೆ ಲೂಪಸ್ (ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ), ಸಿ3 ಇಳಿದಿದೆ, ಆ್ಯಂಟಿ-ಡಿಎಸ್‌ಡಿಎನ್‌ಎ ಏರಿದೆ, ಕ್ರಿಯಾಟಿನಿನ್ 0.8 ಇದೆ. ಕಿಡ್ನಿಗೆ ಅಪಾಯವೇ?

ರಕ್ತದಲ್ಲಿ ಸಿ3 ಎಂಬ ಪ್ರೋಟೀನ್ ಇಳಿದು, ಆ್ಯಂಟಿ-ಡಿಎಸ್‌ಡಿಎನ್‌ಎ ಎಂಬ ಪ್ರತಿಕಾಯ ಏರಿದೆ ಅಂದರೆ ಲೂಪಸ್ ಕೆರಳಿರುವ ಸಾಧ್ಯತೆಯೇ ಹೆಚ್ಚು. ಕಿಡ್ನಿಗೆ ತಟ್ಟಿದೆಯೇ ಎಂಬುದನ್ನು ಮಾತ್ರ ಇವೆರಡೂ ಖಚಿತವಾಗಿ ಹೇಳಲಾರವು. ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯ) 0.8 ಅಷ್ಟೇ ಅಂತ ಸುಮ್ಮನಿರಬೇಡಿ, ಅದು ಏರುವುದೇ ತಡವಾಗಿ.

ಮೊದಲು ಮೂತ್ರ ನೋಡಿಸಿ: ಬೆಳಗಿನ ಮೊದಲ ಮೂತ್ರದಲ್ಲಿ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ, ಜೊತೆಗೆ ಮೈಕ್ರೋಸ್ಕೋಪಿ. ಮುಟ್ಟಿನ ದಿನಗಳಲ್ಲಿ ಕೊಡಬೇಡಿ, ರಕ್ತಕಣಗಳ ಲೆಕ್ಕ ತಪ್ಪುತ್ತದೆ. ಅನುಪಾತ 0.5 ದಾಟಿ, ಇನ್ನೊಮ್ಮೆ ಮಾಡಿಸಿದಾಗಲೂ ಹಾಗೇ ಇದ್ದರೆ ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು) ಹತ್ತಿರ ಬಯಾಪ್ಸಿ (ಕಿಡ್ನಿಯ ಸಣ್ಣ ಚೂರು ತೆಗೆದು ಪರೀಕ್ಷಿಸುವುದು) ಬಗ್ಗೆ ಕೇಳಿ. ಕಿಡ್ನಿಗೆ ತಟ್ಟಿದ ಲೂಪಸ್ ಯಾವ ಕ್ಲಾಸ್ (ಬಗೆ) ಅಂತ ತಿಳಿಯುವುದು ಅದರಿಂದಲೇ, ಔಷಧ ನಿರ್ಧಾರವಾಗುವುದೂ ಅದರ ಮೇಲೆಯೇ.

ಒಮ್ಮೆ ಹಾಸನದಲ್ಲಿ, ಒಮ್ಮೆ ಬೆಂಗಳೂರಲ್ಲಿ ಅಂತ ರಕ್ತ ಕೊಡಬೇಡಿ. ಡಿಎಸ್‌ಡಿಎನ್‌ಎ ಪರೀಕ್ಷೆಯ ವಿಧಾನ ಲ್ಯಾಬಿನಿಂದ ಲ್ಯಾಬಿಗೆ ಬೇರೆ, ಅಂಕಿಗಳನ್ನು ಹೋಲಿಸಲು ಬರುವುದಿಲ್ಲ.

ಕಿಡ್ನಿಗೆ ಚಿಕಿತ್ಸೆ ಶುರುವಾದರೆ 12ನೇ ತಿಂಗಳ ಅನುಪಾತ ನೋಡಿ. 0.7ಕ್ಕಿಂತ ಕೆಳಗಿದ್ದರೆ ಮುಂದಿನ ವರ್ಷಗಳಿಗೆ ಒಳ್ಳೆಯ ಸೂಚನೆ. ಸಿ3ಗಿಂತ ಇದನ್ನೇ ಹೆಚ್ಚು ನಂಬಬಹುದು.

ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಕೀಲುನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ನೋವಿನ ಮಾತ್ರೆ ತಂದುಕೊಡುವುದಂತೂ ಬೇಡವೇ ಬೇಡ, ಕಿಡ್ನಿಗೆ ಪೆಟ್ಟು. ಕಾಲು ಊದಿದರೆ, ಮೂತ್ರ ನೊರೆನೊರೆಯಾದರೆ, ಬಿಪಿ ಏರಿದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅದೇ ದಿನ ತೋರಿಸಿ.