ಅಮೆರಿಕದ ಗೋಲ್‌ಕೀಪರ್ ಯುರೋಪಿಗೆ ಬರುವುದಾದರೆ

ನಮಸ್ಕಾರ ಸರ್. ನೀವು ಕೇಳಿದ್ದು ಇಷ್ಟು: ಮಗ ನ್ಯೂಜೆರ್ಸಿಯಲ್ಲೇ ಹುಟ್ಟಿ ಬೆಳೆದವನು, ಈಗ 17, ಫುಟ್‌ಬಾಲ್ ಗೋಲ್‌ಕೀಪರ್. ಕಾಲೇಜಿನ ಸ್ಕಾಲರ್‌ಶಿಪ್ ಕೈಯಲ್ಲಿದೆ, ಮನಸ್ಸು ಮಾತ್ರ ಇಂಗ್ಲೆಂಡಿನಲ್ಲಿದೆ. ಒಬ್ಬ ಏಜೆಂಟ್ "ದೊಡ್ಡ ಕ್ಲಬ್ಬಿನ ಅಕಾಡೆಮಿಗೆ ಈ ವರ್ಷವೇ ಸೇರಿಸ್ತೀನಿ" ಅಂದಿದ್ದಾನೆ. ಕಳಿಸಬಹುದಾ, ಕಳಿಸಿದರೆ ಅಲ್ಲಿನ ಬದುಕು ಹೇಗೆ ಅಂತ.

ಈ ವರ್ಷ ಇಂಗ್ಲೆಂಡ್ ಸಾಧ್ಯವೇ ಇಲ್ಲ. ಬ್ರೆಕ್ಸಿಟ್ ಆದಮೇಲೆ ಅಲ್ಲಿನ ಕ್ಲಬ್ಬುಗಳು ಹೊರದೇಶದ ಹುಡುಗರನ್ನು 18 ತುಂಬುವ ಮುಂಚೆ ಸಹಿ ಹಾಕಿಸಿಕೊಳ್ಳುವ ಹಾಗಿಲ್ಲ. ಫುಟ್‌ಬಾಲಿನ ವಿಶ್ವ ಸಂಸ್ಥೆ ಫಿಫಾದ 19ನೇ ನಿಯಮವೂ ಅದನ್ನೇ ಹೇಳುತ್ತೆ. ಅದರಲ್ಲಿ ಒಂದು ಕಿಂಡಿ ಇದೆ: ಐರೋಪ್ಯ ಒಕ್ಕೂಟದ ಪಾಸ್‌ಪೋರ್ಟ್ ಇದ್ದರೆ 16ಕ್ಕೇ ಒಕ್ಕೂಟದೊಳಗಿನ ಕ್ಲಬ್ ಸೇರಬಹುದು. ಅಮೆರಿಕದ ಆಟಗಾರ ಕ್ರಿಶ್ಚಿಯನ್ ಪುಲಿಸಿಕ್ ಅಜ್ಜನ ಕಡೆಯಿಂದ ಕ್ರೊಯೇಷಿಯಾದ ಪೌರತ್ವ ಪಡೆದು ಜರ್ಮನಿಯ ಡಾರ್ಟ್‌ಮುಂಡ್ ಕ್ಲಬ್ ಸೇರಿದ್ದು ಹಾಗೇ. ನಮ್ಮವರ ಮನೆಗಳಲ್ಲಿ ಅಂಥ ಅಜ್ಜ ಸಿಗೋದು ಕಷ್ಟ. ಆದರೂ ತಾಯಿಯ ಕಡೆಯವರು ಗೋವಾದವರಾಗಿದ್ದು, ಅಜ್ಜಿಯೋ ಅಜ್ಜನೋ 1961ರ ಡಿಸೆಂಬರಿಗೆ ಮುಂಚೆ ಅಲ್ಲಿ ಹುಟ್ಟಿದ್ದರೆ ಪೋರ್ಚುಗಲ್ ಪೌರತ್ವದ ದಾರಿ ವಿಚಾರಿಸಿ, ತಮಾಷೆಗೆ ಹೇಳ್ತಿಲ್ಲ. ಒಸಿಐ ಕಾರ್ಡಿನಿಂದ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡೋದು) ಇಲ್ಲಿ ಏನೂ ಪ್ರಯೋಜನವಿಲ್ಲ. ಅದನ್ನಿಟ್ಟುಕೊಂಡು ಭಾರತದ ತಂಡಕ್ಕೂ ಆಡೋಕಾಗಲ್ಲ.

18 ಆದಮೇಲೂ ಇಂಗ್ಲೆಂಡಿನ ಬಾಗಿಲು ತಾನಾಗಿ ತೆರೆಯೋದಿಲ್ಲ. ವೀಸಾಗೆ ಮುಂಚೆ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ ಒಂದು ಅನುಮೋದನೆ ಕೊಡಬೇಕು, ಜಿಬಿಇ ಅಂತಾರೆ. ಅಂಕದ ಲೆಕ್ಕ, 15 ಬೇಕು. ದೇಶದ ತಂಡಕ್ಕೆ ಎಷ್ಟು ಪಂದ್ಯ, ಕ್ಲಬ್ಬಿಗೆ ಆಡಿದ್ದು ಸಾಧ್ಯವಿದ್ದ ನಿಮಿಷಗಳಲ್ಲಿ ಎಷ್ಟು ಪಾಲು, ಆ ಲೀಗ್ ಯಾವ ದರ್ಜೆಯದು, ತಂಡ ಎಷ್ಟನೇ ಸ್ಥಾನದಲ್ಲಿ ಮುಗಿಸಿತು, ಎಲ್ಲಕ್ಕೂ ಅಂಕ. ಅಮೆರಿಕದ ತಂಡ ವಿಶ್ವ ರ‍್ಯಾಂಕಿಂಗ್‌ನಲ್ಲಿ 11ರಿಂದ 20ರೊಳಗೆ ಇದ್ದಾಗ ಅದರ ಸ್ಪರ್ಧಾತ್ಮಕ ಪಂದ್ಯಗಳಲ್ಲಿ ಶೇ. 40 ಆಡಿದವರಿಗೆ ನೇರ ಪಾಸು. ಗೋಲ್‌ಕೀಪರ್‌ಗೆ ಏಟು ಬೀಳೋದು ಇಲ್ಲೇ. ಮಿಡ್‌ಫೀಲ್ಡರ್ ಆದರೆ ಬದಲಿಯಾಗಿ ಇಳಿದು ಇಪ್ಪತ್ತಿಪ್ಪತ್ತು ನಿಮಿಷ ಕೂಡಿಹಾಕಬಹುದು. ಕೀಪರ್‌ಗೆ ಸಿಕ್ಕರೆ 90 ನಿಮಿಷ, ಇಲ್ಲದಿದ್ದರೆ ಸೊನ್ನೆ. 2023ರಿಂದ ಇಂಗ್ಲೆಂಡಿನ ಮೇಲಿನ ಎರಡು ದರ್ಜೆಗಳಾದ ಪ್ರೀಮಿಯರ್ ಲೀಗ್ ಮತ್ತು ಚಾಂಪಿಯನ್‌ಶಿಪ್ ಕ್ಲಬ್ಬುಗಳಿಗೆ ಅಂಕ ಸಾಲದ ಆಟಗಾರರಿಗಾಗಿ ಹೆಚ್ಚೆಂದರೆ ನಾಲ್ಕು, ಅದರ ಕೆಳಗಿನ ಲೀಗ್ ಒನ್ ಮತ್ತು ಟೂ ಕ್ಲಬ್ಬುಗಳಿಗೆ ಎರಡು ವಿಶೇಷ ಜಾಗ ಕೊಟ್ಟಿದ್ದಾರೆ. ಅಂಥ ಅಪರೂಪದ ಜಾಗವನ್ನು ಬೆಂಚಿನ ಮೇಲೆ ಕೂರುವ ಕೀಪರ್‌ಗೆ ಯಾವ ಕ್ಲಬ್ ಖರ್ಚು ಮಾಡುತ್ತೆ, ನೀವೇ ಯೋಚಿಸಿ.

ಪರ್ಮಿಟ್ ತಾಪತ್ರಯ ಹೊಸದೇನಲ್ಲ. ಅಮೆರಿಕದ ಕೀಪರ್ ಬ್ರಾಡ್ ಫ್ರೀಡೆಲ್‌ಗೆ 90ರ ದಶಕದ ಮೊದಲಲ್ಲಿ ಇಂಗ್ಲೆಂಡ್ ಮತ್ತೆ ಮತ್ತೆ ಪರ್ಮಿಟ್ ನಿರಾಕರಿಸಿತು. ಡೆನ್ಮಾರ್ಕ್, ಟರ್ಕಿ, ಅಮೆರಿಕದ ಕೊಲಂಬಸ್ ಕ್ಲಬ್ ಸುತ್ತಿಕೊಂಡು ಲಿವರ್‌ಪೂಲ್ ಮುಟ್ಟಿದ್ದು 1997ರ ಕೊನೆಗೆ. ಅದೇ ಮನುಷ್ಯ ಆಮೇಲೆ ಬ್ಲ್ಯಾಕ್‌ಬರ್ನ್, ಆಸ್ಟನ್ ವಿಲ್ಲಾ, ಟಾಟನ್‌ಹ್ಯಾಮ್ ಸೇರಿ ಪ್ರೀಮಿಯರ್ ಲೀಗ್‌ನಲ್ಲಿ ಸತತ 310 ಪಂದ್ಯ ತಪ್ಪದೆ ಆಡಿದರು. ದಾಖಲೆಯನ್ನು ಹೊಗಳೋಣ, ಆದರೆ ಹಿಂದಿನ ಬೆಂಚನ್ನೂ ನೋಡಿ. ವಿಲ್ಲಾದಲ್ಲಿ ಅವರ ಹಿಂದೆ ಕೂತಿದ್ದವರು ಇನ್ನೊಬ್ಬ ಅಮೆರಿಕನ್, ಬ್ರಾಡ್ ಗುಝಾನ್. 2008ರ ಜನವರಿಯಲ್ಲಿ ಪರ್ಮಿಟ್ ಸಿಗದೆ ಆ ಬೇಸಿಗೆಯಲ್ಲಿ ಬಂದವರು ಲೀಗ್‌ನಲ್ಲಿ ಖಾಯಂ ಕೀಪರ್ ಆದದ್ದು 2012ರಲ್ಲಿ. ನಾಲ್ಕು ವರ್ಷ!

ಹಾಗಾಗಿ ನನ್ನ ಸಲಹೆ: ಕ್ಲಬ್ಬಿನ ಹೆಸರು ಬಿಡಿ, ಶನಿವಾರ ಗೋಲಿನಲ್ಲಿ ನಿಲ್ಲಿಸೋದು ಯಾರು ಅಂತ ಕೇಳಿ. ಈಥನ್ ಹಾರ್ವಾತ್ ಕೊಲರಾಡೊದಿಂದ 2013ರಲ್ಲಿ ನಾರ್ವೆಯ ಮೋಲ್ಡೆಗೆ ಹೋದರು. ಅಲ್ಲಿ ಮೊದಲ ಕೀಪರ್ ಆಗಿ, ಯುರೋಪಾ ಲೀಗ್ ಆಡಿ, 2017ರಲ್ಲಿ ಬೆಲ್ಜಿಯಂನ ಕ್ಲಬ್ ಬ್ರೂಗ್ ಸೇರಿದರು. ಝ್ಯಾಕ್ ಸ್ಟೆಫೆನ್ ಮೇರಿಲ್ಯಾಂಡ್ ಯೂನಿವರ್ಸಿಟಿ ಅರ್ಧಕ್ಕೆ ಬಿಟ್ಟು ಜರ್ಮನಿಯ ಫ್ರೈಬುರ್ಗ್‌ಗೆ ಬಂದರು, ಮೊದಲ ತಂಡಕ್ಕೆ ಒಂದೂ ಪಂದ್ಯ ಆಡದೆ 2016ರಲ್ಲಿ ಕೊಲಂಬಸ್‌ಗೆ ವಾಪಸ್. ಅಲ್ಲಿ ಆಡಿ ಬೆಳೆದ ಮೇಲೆಯೇ 2019ರಲ್ಲಿ ಮ್ಯಾಂಚೆಸ್ಟರ್ ಸಿಟಿ ಕೊಂಡದ್ದು. ನಿಮ್ಮ ನ್ಯೂಜೆರ್ಸಿಯವರೇ ಆದ ಮ್ಯಾಟ್ ಟರ್ನರ್‌ದು ಇನ್ನೂ ನಿಧಾನದ ದಾರಿ: ಫೇರ್‌ಫೀಲ್ಡ್ ಯೂನಿವರ್ಸಿಟಿ, ಡ್ರಾಫ್ಟ್‌ನಲ್ಲಿ (ಅಮೆರಿಕದ ಕ್ಲಬ್ಬುಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸೋದು) ಯಾರೂ ಆರಿಸಲಿಲ್ಲ, ಅಮೆರಿಕದ್ದೇ ನ್ಯೂ ಇಂಗ್ಲೆಂಡ್ ಕ್ಲಬ್ಬಿನಿಂದ ರಿಚ್ಮಂಡ್‌ಗೆ ಲೋನ್ (ಸ್ವಲ್ಪ ಕಾಲಕ್ಕೆ ಎರವಲು), 28ರ ವಯಸ್ಸಿಗೆ ಇಂಗ್ಲೆಂಡಿನ ಆರ್ಸೆನಲ್. ಆರ್ಸೆನಲ್‌ನಲ್ಲಿ ಕಪ್ ಪಂದ್ಯಗಳು ಸಿಕ್ಕವು, ಪ್ರೀಮಿಯರ್ ಲೀಗ್‌ನಲ್ಲಿ ಒಂದೂ ಇಲ್ಲ. ಕೀಪರ್ ಪಕ್ವವಾಗೋದು ತಡ. ಸ್ಕಾಲರ್‌ಶಿಪ್ ಬಿಡೋಕೆ 17 ತೀರಾ ಬೇಗ ಅಂತಲೇ ನನ್ನ ಎಣಿಕೆ. ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿದರೆ ಕಾಲೇಜು ಆಟದ ಅರ್ಹತೆಯ ಗತಿ ಏನು ಅಂತ ಸಹಿಗೆ ಮುಂಚೆಯೇ ಕಾಲೇಜಿನಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಬರಲೇಬೇಕು ಅಂತಿದ್ದರೆ 18 ಆದಮೇಲೆ ಜರ್ಮನಿ ನೋಡಿ. ಅಲ್ಲಿನ ಮೇಲಿನ ಲೀಗ್ ಬುಂಡೆಸ್‌ಲೀಗಾದಲ್ಲಿ ಹೊರದೇಶದವರು ಇಷ್ಟೇ ಇರಬೇಕು ಅನ್ನೋ ಮಿತಿ 2006ರಿಂದ ಇಲ್ಲ. ಆಟಗಾರನಿಗೆ ವಾಸದ ಪರವಾನಗಿ ಸಿಗೋಕೆ ಸಂಬಳಕ್ಕೆ ಒಂದು ಕನಿಷ್ಠ ಮಟ್ಟ ಇದೆ, ಸರ್ಕಾರಿ ಪಿಂಚಣಿ ವಿಮೆಗೆ ಲೆಕ್ಕ ಹಿಡಿಯೋ ಸಂಬಳದ ಗರಿಷ್ಠ ಮಿತಿಯ ಅರ್ಧ. ಅಮೆರಿಕದ ಪಾಸ್‌ಪೋರ್ಟ್ ಇದ್ದವರು ಮೊದಲೇ ವೀಸಾ ಇಲ್ಲದೆ ಬಂದು ಇಲ್ಲೇ ಅರ್ಜಿ ಹಾಕಬಹುದು, ಆದರೆ ಪರವಾನಗಿ ಕೈಗೆ ಬರೋ ತನಕ ಕೆಲಸ ಮಾಡೋ ಹಾಗಿಲ್ಲ. ಕೀಪರ್‌ಗೆ ಇನ್ನೊಂದು ಲಾಭ: ಇಲ್ಲಿ ಅನೇಕ ಕ್ಲಬ್ಬುಗಳ ಎರಡನೇ ತಂಡ ಕೆಳಗಿನ ಲೀಗುಗಳಲ್ಲಿ ದೊಡ್ಡವರ ಜೊತೆ, ಪಾಯಿಂಟಿಗಾಗಿ ಆಡುತ್ತೆ. ಇಂಗ್ಲೆಂಡಿನಲ್ಲಿ ರಿಸರ್ವ್ ಅಂದರೆ ಬಹುಪಾಲು ಅಂಡರ್-21 ಹುಡುಗರ ಪಂದ್ಯ. ಹಾಲೆಂಡಿನ ಕಡೆ ಆಸೆ ಇಟ್ಟುಕೊಳ್ಳಬೇಡಿ. ಒಕ್ಕೂಟದ ಹೊರಗಿನ ಆಟಗಾರನಿಗೆ ಲೀಗಿನ ಸರಾಸರಿಯ ಶೇ. 150 ಸಂಬಳ ಕೊಡಲೇಬೇಕು, 18-19ರವರಿಗೆ ಶೇ. 75. ಅನನುಭವಿ ಕೀಪರ್‌ಗೆ ಅಷ್ಟು ಸುರಿಯೋರು ಕಮ್ಮಿ.

ಇನ್ನು ಆ ಏಜೆಂಟ್. ಫಿಫಾ ಲೈಸೆನ್ಸ್ ಇದೆಯಾ ಅಂತ ಫಿಫಾದ ಪಟ್ಟಿಯಲ್ಲೇ ಹೆಸರು ಹುಡುಕಿ, ಅವನು ತೋರಿಸೋ ಕಾರ್ಡ್ ನಂಬಬೇಡಿ. 18 ತುಂಬದ ಹುಡುಗನ ಜೊತೆ ವ್ಯವಹರಿಸಬೇಕಾದರೆ ಮೊದಲು ಅಪ್ಪ-ಅಮ್ಮನ ಲಿಖಿತ ಒಪ್ಪಿಗೆ ಪಡೆಯಬೇಕು. ಟ್ರಯಲ್‌ಗೆ (ಸಹಿಗೆ ಮುಂಚೆ ಕ್ಲಬ್ ಆಡಿಸಿ ನೋಡೋದು) ದುಡ್ಡು ಕೇಳಿದರೆ ಅಲ್ಲಿಗೆ ಫೋನ್ ಇಟ್ಟುಬಿಡಿ, ನಿಜವಾದ ಕ್ಲಬ್ ಟ್ರಯಲ್‌ಗೆ ಫೀಸು ತಗೊಳ್ಳೋದಿಲ್ಲ. "ಈ ವರ್ಷವೇ" ಅಂದನಲ್ಲ, ಆ ಒಂದು ಮಾತಲ್ಲೇ ತಿಳಿಯುತ್ತೆ: ಒಂದೋ ಅವನಿಗೆ ನಿಯಮ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲ ಅಂದುಕೊಂಡಿದ್ದಾನೆ.

ಒಪ್ಪಂದ ಬಂದಾಗ ನೋಡಬೇಕಾದ್ದು: ಸಂಬಳ ಟ್ಯಾಕ್ಸ್‌ಗೆ ಮುಂಚೆಯದಾ ಆಮೇಲಿನದಾ (ಇಂಗ್ಲೆಂಡಿನಲ್ಲಿ ವಾರದ ಲೆಕ್ಕ, ಟ್ಯಾಕ್ಸ್‌ಗೆ ಮುಂಚೆ; ಟರ್ಕಿ, ಇಟಲಿ ಕಡೆ ಕೈಗೆ ಸಿಗೋ ಮೊತ್ತವನ್ನೇ ಮಾತಾಡೋ ರೂಢಿ), ಗಾಯವಾದರೆ ಯಾರ ಖರ್ಚು, ಲೋನ್‌ಗೆ ಕಳಿಸಿದರೆ ಮನೆ ಬಾಡಿಗೆ ಯಾರು ಕಟ್ಟೋದು. ಎರಡು ತಿಂಗಳ ಸಂಬಳ ಅನ್ಯಾಯವಾಗಿ ತಡೆಹಿಡಿದರೆ, ಲಿಖಿತವಾಗಿ ಕನಿಷ್ಠ 15 ದಿನದ ಗಡುವು ಕೊಟ್ಟು, ಆಗಲೂ ಕೊಡದಿದ್ದರೆ ಒಪ್ಪಂದ ಮುರಿಯಬಹುದು ಅಂತ ಫಿಫಾ ನಿಯಮ. ಗಡುವಿನ ಪತ್ರ ಕಳಿಸದೆ ಸಿಟ್ಟಿನಲ್ಲಿ ವಿಮಾನ ಹತ್ತಿದರೆ ತಪ್ಪು ಆಟಗಾರನದ್ದೇ ಅನ್ನಿಸಿಬಿಡಬಹುದು.

ಟ್ಯಾಕ್ಸ್ ವಿಷಯ ಯಾರೂ ಮೊದಲೇ ಹೇಳೋದಿಲ್ಲ. ಅಮೆರಿಕದ ಪ್ರಜೆ ಎಲ್ಲೇ ದುಡಿದರೂ ಅಮೆರಿಕದಲ್ಲಿ ಪ್ರತಿ ವರ್ಷ ರಿಟರ್ನ್ ಹಾಕಬೇಕು. ಯುರೋಪಿನಲ್ಲಿ ಕಟ್ಟಿದ ತೆರಿಗೆಗೆ ಅಲ್ಲಿ ಕ್ರೆಡಿಟ್ ಸಿಗುತ್ತೆ, ಹಾಗಾಗಿ ಎರಡೆರಡು ಸಲ ಕಟ್ಟೋ ಪ್ರಸಂಗ ಕಮ್ಮಿ, ಆದರೆ ಕಾಗದ ತಪ್ಪೋದಿಲ್ಲ. ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಅನ್ನೋ ಫಾರಂ ಬೇರೆ. ಇಂಗ್ಲೆಂಡಿನಲ್ಲಿ ಜೊತೆಯವರು ಐಎಸ್‌ಎ ಅನ್ನೋ ಉಳಿತಾಯ ಖಾತೆ ತೆರೆ, ಟ್ಯಾಕ್ಸ್ ಇಲ್ಲ ಅಂತಾರೆ. ಬ್ರಿಟಿಷರಿಗೆ ಇಲ್ಲ, ಅಮೆರಿಕದವನಿಗೆ ಇದೆ.

ದಿನದ ಬದುಕು ಎರಡೇ ಮಾತಲ್ಲಿ. ಜರ್ಮನಿಯಲ್ಲಿ ಮನೆಗೆ ಬಂದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಬಾಡಿಗೆ ಮನೆಯ ಅಡುಗೆಮನೆ ಎಷ್ಟೋ ಸಲ ಬರೀ ಗೋಡೆ ಮತ್ತು ನಲ್ಲಿ ಪೈಪು, ಸಿಂಕ್ ಕೂಡ ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ. ತಾಯಿ ಸಾರಿನ ಪುಡಿ ಕಳಿಸೋ ಮುಂಚೆ ಒಲೆ ಇದೆಯಾ ಅಂತ ಕೇಳಲಿ. ತರಬೇತಿ ಮೈದಾನಗಳು ಊರ ಹೊರಗೆ, ಕಾರು ಬೇಕಾಗುತ್ತೆ: ಅಮೆರಿಕದ ಲೈಸೆನ್ಸ್ ಜರ್ಮನಿಯಲ್ಲಿ 6 ತಿಂಗಳು, ಇಂಗ್ಲೆಂಡಿನಲ್ಲಿ 12 ತಿಂಗಳು ನಡೆಯುತ್ತೆ. ಇಂಗ್ಲೆಂಡಿನಲ್ಲಿ ಆಮೇಲೆ ಹೊಸದಾಗಿ ಟೆಸ್ಟ್ ಕೊಡಬೇಕು.

ಮೈದಾನದೊಳಗೆ ಎಡವೋದು ಎಲ್ಲಿ? ಕಾರ್ನರ್‌ನಲ್ಲಿ, ಅಂದರೆ ಮೈದಾನದ ಮೂಲೆಯಿಂದ ಚೆಂಡು ಒದೆಯುವಾಗ. ಇಂಗ್ಲೆಂಡಿನಲ್ಲಿ ಎದುರಾಳಿಗಳು ಇಬ್ಬರು ಮೂವರು ಕೀಪರ್‌ನ ಮೈಗೆ ಅಂಟಿಕೊಂಡೇ ನಿಲ್ಲುತ್ತಾರೆ, ಅಮೆರಿಕದಲ್ಲಿ ಫೌಲ್ ಕೊಡುವಂಥ ತಳ್ಳಾಟಕ್ಕೆ ರೆಫರಿ ಸೀಟಿ ಊದದೇ ಹೋಗಬಹುದು. ಹಿಡಿಯೋಕೆ ಹೊರಟು ಅರ್ಧದಲ್ಲಿ ಅನುಮಾನಿಸಿದರೆ ಗೋಲು. ಒದ್ದೆ ಚೆಂಡಿಗೆ ಎರಡು ಮುಷ್ಟಿ ಸೇರಿಸಿ ಗುದ್ದೋದನ್ನು ಅಲ್ಲಿಂದಲೇ ಅಭ್ಯಾಸ ಮಾಡಿ ಬರಲಿ. 2025-26ರಿಂದ ಚೆಂಡು ಕೈಯಲ್ಲಿ 8 ಸೆಕೆಂಡ್ ದಾಟಿದರೆ ಎದುರಾಳಿಗೆ ಕಾರ್ನರ್, ಕೊನೇ ಐದು ಸೆಕೆಂಡನ್ನು ರೆಫರಿ ಬೆರಳಲ್ಲಿ ಎಣಿಸುತ್ತಾರೆ.

ಟ್ರಯಲ್‌ಗೆ ಕರೆ ಬಂದರೆ: ಇಂಗ್ಲೆಂಡಿಗೆ ಹೋಗೋ ಮುಂಚೆ ಇಟಿಎ ಅನ್ನೋ ಆನ್‌ಲೈನ್ ಅನುಮತಿ ಮಾಡಿಸಿ. ವಿಸಿಟರ್ ಆಗಿ ಬಂದವನು ಟ್ರಯಲ್ ಆಡಬಹುದು, ಟಿಕೆಟ್ ಕೊಟ್ಟು ನೋಡೋ ಜನರ ಮುಂದೆ ಆಡೋ ಹಾಗಿಲ್ಲ. ಕೃತಕ ಹುಲ್ಲಿಗೆ ಹಾಕೋ ಕ್ಲೀಟ್ಸ್ (ಬೂಟು) ಒಂದನ್ನೇ ನಂಬಿ ಬರಬೇಡಿ, ನವೆಂಬರಿನ ಕೆಸರಲ್ಲಿ ಜಿಗಿಯೋಕೆ ಊರಿದ ಕಾಲೇ ಜಾರುತ್ತೆ. ಉದ್ದ ಲೋಹದ ಸ್ಟಡ್ ಇರೋ ಒಂದು ಜೊತೆ ಬೇಕು. ಗ್ಲೌಸ್ ಎರಡು ಜೊತೆ, ತರಬೇತಿಗೆ ಒಂದು, ಪಂದ್ಯಕ್ಕೆ ಒಂದು. ಹೊಸ ಜೊತೆಯನ್ನು ಉಗುರುಬೆಚ್ಚನೆ ನೀರಲ್ಲಿ ಒಮ್ಮೆ ತೊಳೆದು ಬಳಸಲಿ, ಅಂಗೈಯ ಲೇಟೆಕ್ಸ್ ಮೇಲಿನ ಕಾರ್ಖಾನೆಯ ಲೇಪ ಹೋದರೇ ಹಿಡಿತ. ಆಟಕ್ಕೆ ಮುಂಚೆ ಅಂಗೈ ಸ್ವಲ್ಪ ಒದ್ದೆ ಮಾಡಬೇಕು. ಆದಮೇಲೆ ನೆರಳಲ್ಲಿ ಒಣಗಿಸಲಿ, ಚಳಿ ಅಂತ ಹೀಟರ್ ಮೇಲಿಟ್ಟರೆ ಲೇಟೆಕ್ಸ್ ಬಿರುಕು ಬಿಡುತ್ತೆ.