ಗಿರಾಕಿಯ ವೇಷ ಹಾಕುವ ಮೊದಲು

ಪ್ರಶ್ನೆ: ಬಿ.ಕಾಂ. ಮುಗಿಸಿ ಮನೆಯಲ್ಲಿದ್ದೇನೆ, ಮಗ ಶಾಲೆಗೆ ಹೋಗುತ್ತಾನೆ. ಗಿರಾಕಿಯ ಹಾಗೆ ಅಂಗಡಿಗೆ ಹೋಗಿ ವರದಿ ಬರೆದುಕೊಟ್ಟರೆ ಹಣ ಕೊಡುತ್ತಾರಂತೆ, ಮಿಸ್ಟರಿ ಶಾಪರ್ ಕೆಲಸವಂತೆ. ವಾಟ್ಸಾಪಿನಲ್ಲಿ ಬಂದ ಸಂದೇಶವೊಂದು ನೋಂದಣಿಗೆ 1,500 ರೂಪಾಯಿ ಕೇಳುತ್ತಿದೆ. ಕಟ್ಟಲೇ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ.
– ಓದುಗಿ, ನೀರ್ಚಾಲು

ಉತ್ತರ: ಕಟ್ಟಬೇಡಿ ಮಾರಾಯ್ರೆ. ಈ ಕೆಲಸದಲ್ಲಿ ಹಣ ಅವರಿಂದ ನಮಗೆ ಬರಬೇಕೇ ಹೊರತು ನಮ್ಮಿಂದ ಅವರಿಗಲ್ಲ. ಟೆಲಿಗ್ರಾಂ ಗುಂಪಿಗೆ ಸೇರಿಸಿ, ಮೊದಲು ನೂರಿನ್ನೂರು ನಿಮ್ಮ ಖಾತೆಗೆ ಹಾಕಿ ನಂಬಿಸಿ, ಆಮೇಲೆ ‘ದೊಡ್ಡ ಟಾಸ್ಕಿಗೆ ಮುಂಗಡ’ ಕೇಳುವವರೂ ಇದೇ ಜಾತಿ. ಹಣ ಬರಬೇಕಾದರೆ ಯುಪಿಐ ಪಿನ್ ಒತ್ತಬೇಕಾಗಿಲ್ಲ, ಇದೊಂದು ನೆನಪಿರಲಿ. ಯಾರಾದರೂ ಈಗಾಗಲೇ ಕಳಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ.

ಅಸಲಿ ಕೆಲಸವೂ ಉಂಟು. ನಾನು ಉಪ್ಪಳದಲ್ಲಿದ್ದುಕೊಂಡು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಬ್ಯಾಂಕು, ಪೆಟ್ರೋಲ್ ಪಂಪು, ಬಟ್ಟೆ ಮಳಿಗೆ, ಕಾರಿನ ಶೋರೂಮುಗಳ ಕಂಪೆನಿಗಳು ತಮ್ಮ ಸಿಬ್ಬಂದಿ ಗಿರಾಕಿಗಳೊಂದಿಗೆ ಹೇಗಿದ್ದಾರೆ ಎಂದು ತಿಳಿಯಲು ಏಜೆನ್ಸಿಗಳಿಗೆ ಗುತ್ತಿಗೆ ಕೊಡುತ್ತವೆ. ಏಜೆನ್ಸಿಗಳು ನಮ್ಮಂಥವರನ್ನು ಕಳುಹಿಸುತ್ತವೆ. ಇಂಥ ಏಜೆನ್ಸಿಗಳದೇ ಎಂಎಸ್‌ಪಿಎ ಎಂಬ ಅಂತಾರಾಷ್ಟ್ರೀಯ ಸಂಘವೊಂದಿದೆ. ಅದರ ಸದಸ್ಯ ಏಜೆನ್ಸಿಗಳ ಹೆಸರು ನೋಡಿ, ಅವುಗಳ ಸ್ವಂತ ಜಾಲತಾಣಕ್ಕೇ ಹೋಗಿ ಹೆಸರು ಬರೆಸಿ. ಪಾನ್ ನಂಬರ್, ಬ್ಯಾಂಕ್ ಖಾತೆಯ ವಿವರ ಕೇಳಿದರೆ ಅದು ಸಹಜ. ಓಟಿಪಿ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ.

ಇನ್ನು ನಮ್ಮ ಊರಿನ ತೊಂದರೆ. ಬದಿಯಡ್ಕ ಪೇಟೆಯಲ್ಲಿ ನೀವು ಯಾರೆಂದು ತಿಳಿಯದ ಅಂಗಡಿಯವ ಎಲ್ಲಿದ್ದಾನೆ? “ಅಡಿಕೆ ಸುಲಿದಾಯಿತಾ ಅಕ್ಕ” ಎಂದು ಕೇಳುವವನ ಎದುರು ಅಪರಿಚಿತ ಗಿರಾಕಿಯಾಗಿ ನಿಲ್ಲುವುದು ಹೇಗೆ? ಅದೂ ಅಲ್ಲದೆ ಇಂಥ ಕೆಲಸ ಹೆಚ್ಚಾಗಿ ದೊಡ್ಡ ಕಂಪೆನಿಗಳ ಮಳಿಗೆಗಳಲ್ಲೇ. ಹಾಗಾಗಿ ನಿಮಗೆ ಸಿಗುವುದು ಕಾಸರಗೋಡು ಪೇಟೆಯಲ್ಲಿ, ಇಲ್ಲವೇ ತಲಪಾಡಿ ದಾಟಿ ಮಂಗಳೂರಿನಲ್ಲಿ. ಅತ್ತ ಮಲಯಾಳ, ಇತ್ತ ತುಳು, ಕನ್ನಡ – ಮೂರೂ ಬರುವುದು ನಿಮಗೆ ಲಾಭವೇ. ಆದರೆ ನೀರ್ಚಾಲಿನಿಂದ ಕುಂಬಳೆಗೆ ಒಂದು ಬಸ್ಸು, ಅಲ್ಲಿಂದ ಮಂಗಳೂರಿಗೆ ಇನ್ನೊಂದು, ಮಧ್ಯಾಹ್ನದ ಊಟ. ಇದಕ್ಕೇ ಹೋಗಿಬಂದರೆ ಸಂಭಾವನೆಯಲ್ಲಿ ಉಳಿಯುವುದು ಚಿಲ್ಲರೆ. ಡಾಕ್ಟರಲ್ಲಿಗೋ ಮದುವೆಗೋ ಮಂಗಳೂರಿಗೆ ಹೋಗುವ ದಿನಕ್ಕೆ ಹೊಂದಿಸಿಕೊಂಡರೆ ಮಾತ್ರ ಗಿಟ್ಟುತ್ತದೆ. ನಾನು ಹಾಗೆಯೇ ಮಾಡುವುದು.

ಒಪ್ಪುವ ಮುಂಚೆ ಸೂಚನಾ ಪತ್ರವನ್ನು ಪೂರ್ತಿ ಓದಿ. ಏನನ್ನಾದರೂ ಕೊಳ್ಳಲೇಬೇಕೇ, ಎಷ್ಟರವರೆಗೆ ಆ ಹಣ ಮರಳಿ ಕೊಡುತ್ತಾರೆ, ಯಾವ ಹೊತ್ತಿಗೆ ಹೋಗಬೇಕು, ಪ್ರಯಾಣದ ಖರ್ಚು ಸೇರಿದೆಯೇ – ಎಲ್ಲ ಅದರಲ್ಲಿರುತ್ತದೆ. ಬಿಲ್ಲು ಕಳೆದರೆ ಹಣವೂ ಹೋಯಿತು. ವರದಿ ಒಪ್ಪಿಗೆಯಾದ ಮೇಲೂ ಹಣ ಬರಲು ಒಂದೆರಡು ತಿಂಗಳು ಹಿಡಿಯುವುದುಂಟು. ತಿಂಗಳ ಚೀಟಿ ಕಟ್ಟಲು ಇದನ್ನು ನಂಬಬೇಡಿ.

ಕಷ್ಟವಿರುವುದು ಅಂಗಡಿಯೊಳಗಲ್ಲ, ಹೊರಬಂದ ಮೇಲೆ. ಪೆಟ್ರೋಲ್ ಪಂಪಿನಲ್ಲಿ ಹುಡುಗ ಮೀಟರಿನ ಸೊನ್ನೆ ತೋರಿಸಿದನೇ, ಶೌಚಾಲಯಕ್ಕೆ ಬೀಗ ಹಾಕಿತ್ತೇ, ಬ್ಯಾಂಕಿನಲ್ಲಿ ಠೇವಣಿ ಇಡಬೇಕೆಂದರೆ ವಿಮೆ ಮಾರಲು ನೋಡಿದರೇ – ಇವೆಲ್ಲ ಮನಸ್ಸಿನಲ್ಲೇ ಉಳಿಯಬೇಕು. ನಾನು ಬಾಗಿಲು ದಾಟಿದ ಕೂಡಲೇ ಯಾರಿಗೋ ಮೆಸೇಜು ಮಾಡುವವಳ ಹಾಗೆ ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ವರದಿ ಸಾಮಾನ್ಯವಾಗಿ ಮರುದಿನದೊಳಗೆ ಕೊಡಬೇಕು. ಅದಕ್ಕೆ ಸಾಹಿತ್ಯದ ಇಂಗ್ಲಿಷ್ ಬೇಡ. ‘ಚೆನ್ನಾಗಿ ಮಾತಾಡಿಸಲಿಲ್ಲ’ ಎಂದು ಬರೆದರೆ ಪರಿಶೀಲಕರು ವಾಪಸು ಕಳುಹಿಸುತ್ತಾರೆ. ‘ಎದುರು ನಿಂತ 4 ನಿಮಿಷ ತಲೆ ಎತ್ತಲಿಲ್ಲ’ ಎಂದರೆ ಒಪ್ಪುತ್ತಾರೆ. ಬಿ.ಕಾಂ. ಓದಿದವರಿಗೆ ಇಂಥ ಸಣ್ಣ ವಾಕ್ಯ ಬಾರದೇ?

ಒಂದು ಮಾತು ನನ್ನ ಲೆಕ್ಕದಲ್ಲಿ. ನಮ್ಮ ವರದಿಯಿಂದ ಕೌಂಟರಿನ ಹುಡುಗಿಯ ಕೆಲಸಕ್ಕೇ ಕುತ್ತು ಬರಬಹುದು. 2018ರಲ್ಲಿ ಕೇರಳ ಸರಕಾರ ಕಾನೂನು ತಿದ್ದಿ ಅಂಗಡಿ ನೌಕರರಿಗೆ ಕೂರುವ ಹಕ್ಕು ಕೊಟ್ಟಿದೆ, ಹೆಂಗಸರು ವರ್ಷಗಟ್ಟಲೆ ಹೋರಾಡಿದ ಮೇಲೆ. ಕಾಸರಗೋಡಿನ ಮಳಿಗೆಯಲ್ಲಿ ಗಿರಾಕಿ ಇಲ್ಲದ ಹೊತ್ತು ಸ್ಟೂಲಿನಲ್ಲಿ ಕೂತವಳನ್ನು ‘ಉದಾಸೀನ’ ಎಂದು ಬರೆಯಬೇಡಿ. ನೀವು ಬಂದಾಗ ಎದ್ದು ವಿಚಾರಿಸಿದಳೇ, ಅಷ್ಟು ಬರೆದರೆ ಸಾಕು. ಸಂಬಂಧಿಕರ ಅಂಗಡಿಯೋ ಗೆಳತಿ ಇರುವ ಶಾಖೆಯೋ ಬಂದರೆ, ಬೇಡವೆಂದು ಏಜೆನ್ಸಿಗೆ ಮೊದಲೇ ತಿಳಿಸಿ.

ಮೊದಲಿಗೆ ಪೆಟ್ರೋಲ್ ಪಂಪಿನಂಥ ಸಣ್ಣದನ್ನೇ ಹಿಡಿಯಿರಿ. ಮನೆಯಲ್ಲಿ ಸ್ಕೂಟರ್ ಇದ್ದರೆ ಹೇಗೂ ಪೆಟ್ರೋಲ್ ಬೇಕು. ಕಾರಿನ ಶೋರೂಮಿನದಕ್ಕೆ ಸಂಭಾವನೆ ಜಾಸ್ತಿ ಇರಬಹುದು, ಆದರೆ ಆಮೇಲೆ ಅಲ್ಲಿನ ಸೇಲ್ಸಿನವರ ಫೋನು ನಿಲ್ಲುವುದಿಲ್ಲ.